ಮಾತು ಸ್ಪಷ್ಟವಾಗಿ ಕೇಳಲಿ: ಎಲೆಕ್ಟ್ರೋಸ್ಟ್ಯಾಟಿಕ್ ಸೆಂಟರ್ ಸ್ಪೀಕರ್ ಮನೆಯಲ್ಲೇ ಮಾಡಿ

ಸಿನಿಮಾದಲ್ಲಿ ಹೊಡೆದಾಟ ಬಂದರೆ ಕಿಟಕಿ ಗಾಜು ನಡುಗುತ್ತದೆ, ನಾಯಕಿ ಮೆಲ್ಲಗೆ ಮಾತಾಡಿದರೆ ಏನೂ ಕೇಳುವುದಿಲ್ಲ. ಹೋಮ್ ಥಿಯೇಟರಿನಲ್ಲಿ ಮಾತಿನ ಬಹುಪಾಲು ಬರುವುದು ನಡುವಿನ ಸೆಂಟರ್ ಸ್ಪೀಕರಿನಿಂದ. ಮಾತಿನ ಸ್ಪಷ್ಟತೆಗೆ ಎಲೆಕ್ಟ್ರೋಸ್ಟ್ಯಾಟಿಕ್ ಪ್ಯಾನೆಲ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಪೀಟರ್ ವಾಕರ್ 1957ರಲ್ಲಿ ಕ್ವಾಡ್ ಹೆಸರಿನಲ್ಲಿ ಮಾರಾಟಕ್ಕೆ ತಂದದ್ದು ಇದೇ ಜಾತಿಯ ಸ್ಪೀಕರನ್ನು.

ಇದರಲ್ಲಿ ಕೋನ್ ಇಲ್ಲ, ಮ್ಯಾಗ್ನೆಟ್ ಇಲ್ಲ. ಎರಡು ತೂತಿನ ತಗಡು, ನಡುವೆ 6 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ, ಅಷ್ಟೇ. ಹಾಳೆಗೆ ಸುಮಾರು 2,500 ವೋಲ್ಟ್ ಡಿಸಿ ಕೊಡುತ್ತೇವೆ, ತಗಡುಗಳಿಗೆ ಆಡಿಯೊ ಸಿಗ್ನಲ್. ಒಂದು ತಗಡು ಎಳೆದರೆ ಇನ್ನೊಂದು ತಳ್ಳುತ್ತದೆ. ಹೈ ವೋಲ್ಟೇಜ್ ಕೆಲಸ ಗೊತ್ತಿಲ್ಲದವರು ಕೈ ಹಾಕಬೇಡಿ. ತಗಡಿನಲ್ಲಿ ಹರಿಯುವುದು ಪ್ರಾಣಕ್ಕೇ ಕುತ್ತು ತರುವ ಕರೆಂಟು.

ಮೊದಲು ಅಳತೆ. ಎಲ್ಲರೂ ಎಡವುವುದು ಇಲ್ಲೇ. ಸೆಂಟರ್ ಸ್ಪೀಕರ್ ಅಂದರೆ ಟಿವಿ ಕೆಳಗೆ ಅಡ್ಡ ಮಲಗಿರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? 45 ಸೆಂಟಿಮೀಟರ್ ಅಗಲದ ಪ್ಯಾನೆಲ್ ಮಲಗಿಸಿದರೆ ಮೇಲಿನ ಸ್ವರಗಳು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತವೆ. ಸೋಫಾದ ಮಧ್ಯೆ ಕೂತವರಿಗೆ ಮಾತು ಸ್ಪಷ್ಟ, ಮೂಲೆಯವರಿಗೆ ಮಂಕು. ಹಾಗಾಗಿ 12 ಸೆಂಟಿಮೀಟರ್ ಅಗಲ, 45 ಎತ್ತರ ಇಟ್ಟು ನಿಲ್ಲಿಸಿ. ಟಿವಿಯನ್ನು ಗೋಡೆಯ ಮೇಲೆ ಒಂದಿಷ್ಟು ಮೇಲಕ್ಕೆ ಹಾಕಿದರಾಯಿತು. ಪ್ಯಾನೆಲ್ ಕಿರಿದಾದಷ್ಟೂ ಮುಂದಿನ ಸದ್ದು, ಹಿಂದಿನ ಸದ್ದು ಅಂಚು ಸುತ್ತಿ ಬಂದು ಒಂದನ್ನೊಂದು ನುಂಗುತ್ತವೆ. ಅದಕ್ಕೆ 45 ಸೆಂಟಿಮೀಟರ್ ಅಗಲದ ಪ್ಲೈವುಡ್ ಹಲಗೆಯ ನಡುವೆ ಕಿಂಡಿ ಕೊರೆದು ಕೂರಿಸಿ.

ತಗಡು 1 ಮಿಲಿಮೀಟರ್ ದಪ್ಪ, ತೂತು 3 ಮಿಲಿಮೀಟರ್ ಇದ್ದರೆ ಸಾಕು. ಪ್ರತಿ ತೂತಿನ ಅಂಚನ್ನೂ ಎಮರಿ ಪೇಪರಿನಿಂದ ನಯ ಮಾಡಿ, ಆಮೇಲೆ ಪೌಡರ್ ಕೋಟಿಂಗ್ ಮಾಡಿಸಿ. ನನ್ನ ಮೊದಲ ಪ್ಯಾನೆಲ್‌ನಲ್ಲಿ ಒಂದೇ ಒಂದು ತೂತು ಬಿಟ್ಟುಹೋಗಿತ್ತು. ರಾತ್ರಿ ದೀಪ ಆರಿಸಿ ನೋಡಿದರೆ ಅಲ್ಲಿ ನೀಲಿ ಚುಕ್ಕಿ, ಟಿಕ್ ಟಿಕ್ ಸದ್ದು. ಬೆಳಗಾಗುವಷ್ಟರಲ್ಲಿ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತು.

ಎರಡೂ ತಗಡುಗಳ ಸುತ್ತ 1.5 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಪಟ್ಟಿ ಅಂಟಿಸಿ. ಹಾಳೆ ಎಳೆತಕ್ಕೆ ಸಿಕ್ಕಿ ತಗಡಿಗೆ ಅಂಟಿಕೊಳ್ಳದಿರಲು, ಆಧಾರಗಳ ನಡುವಿನ ಅಂತರ ಈ ದಪ್ಪದ 70 ಪಟ್ಟಿನ ಆಸುಪಾಸಿರಬೇಕು. ನಮ್ಮ ಲೆಕ್ಕದಲ್ಲಿ 10 ಸೆಂಟಿಮೀಟರ್. ಅಷ್ಟಷ್ಟು ದೂರಕ್ಕೆ ಒಂದು ಅಡ್ಡಪಟ್ಟಿ ಕೊಡಿ.

ಹಾಳೆಯನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಎಳೆದು ಟೇಪ್ ಹಾಕಿ, ಪಟ್ಟಿಗೆ ಅಂಟಿಸಿ. ಅಂಟು ಒಣಗಿದ ಮೇಲೆ ಹೀಟ್ ಗನ್ ಹಿಡಿಯಿರಿ. ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರಲ್ಲ, ಅದೇ ತರಹ. ಒಂದೇ ಕಡೆ ನಿಲ್ಲಿಸಿದರೆ ಕರಗಿ ತೂತಾಗುತ್ತದೆ. ನಂತರ ಹತ್ತಿಯಲ್ಲಿ ಚಿಟಿಕೆ ಗ್ರಾಫೈಟ್ ಪುಡಿ ಅದ್ದಿ ಒಂದು ಮುಖಕ್ಕೆ ಉಜ್ಜಿ, ಮತ್ತೆ ಒರೆಸಿಬಿಡಿ. ಕಪ್ಪಗೆ ಹೊಳೆದರೆ ಜಾಸ್ತಿಯಾಯಿತು ಅಂತ ಅರ್ಥ. ಚಾರ್ಜ್ ಹಾಳೆಯ ಮೇಲೆ ಅತ್ತಿತ್ತ ಓಡಾಡಬಾರದು. ಎರಡನೇ ತಗಡಿನ ಪಟ್ಟಿಯ ಮೇಲೆ ತಾಮ್ರದ ಟೇಪ್ ಹಾಕಿ ಮುಚ್ಚಿ. ಅದು ಗ್ರಾಫೈಟ್ ಮುಖಕ್ಕೆ ತಾಗಬೇಕು.

ಆಡಿಯೊ ಸಿಗ್ನಲ್ಲಿನ ವೋಲ್ಟೇಜ್ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರಿಗೆ ದುಬಾರಿ ಮಾಲು ಬೇಡ. 230ರಿಂದ 6 ವೋಲ್ಟಿನ 50 ವಿಎ ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಎರಡು ತಂದು ಉಲ್ಟಾ ಜೋಡಿಸಿ. 6 ವೋಲ್ಟ್ ಕಡೆ ಪ್ಯಾರಲಲ್, 230ರ ಕಡೆ ಸೀರೀಸ್. ಸುಮಾರು 76 ಪಟ್ಟು ಸಿಗುತ್ತದೆ. 6 ವೋಲ್ಟ್ ಕಡೆ ಆಂಪ್ಲಿಫಯರಿಗೆ, ಸೀರೀಸಿನ ಎರಡು ತುದಿ ಎರಡು ತಗಡಿಗೆ. ಸೀರೀಸಿನ ನಡುಗಂಟು ಬಯಾಸ್ ಸಪ್ಲೈನ (ಹಾಳೆಗೆ 2,500 ವೋಲ್ಟ್ ಕೊಡುವ ಸರ್ಕ್ಯೂಟ್) ನೆಗೆಟಿವ್‌ಗೆ, ಪಾಸಿಟಿವ್ 20 ಮೆಗಾಓಮ್ ರೆಸಿಸ್ಟರ್ ಮೂಲಕ ಹಾಳೆಗೆ. ಆಂಪ್ಲಿಫಯರಿನ ದಾರಿಯಲ್ಲಿ 1 ಓಮ್ ಹಾಕಿ. ಯಾಕಂದರೆ ಮೇಲಿನ ಸ್ವರಗಳಲ್ಲಿ ಪ್ಯಾನೆಲ್ ಶಾರ್ಟ್ ಸರ್ಕ್ಯೂಟಿನಂತೆ ವರ್ತಿಸುತ್ತದೆ.

500 ಹರ್ಟ್ಜ್‌ಗಿಂತ ಕೆಳಗಿನದನ್ನು ಮುಚ್ಚಿದ ಪೆಟ್ಟಿಗೆಯ ಆರೂವರೆ ಇಂಚಿನ ವೂಫರಿಗೆ ಬಿಡಿ. ಇದಕ್ಕೆ ಸಿಗ್ನಲನ್ನು ಆಂಪ್ಲಿಫಯರಿಗೆ ಹೋಗುವ ಮೊದಲೇ ಮೇಲಿನ, ಕೆಳಗಿನ ಸ್ವರಗಳಾಗಿ ಬೇರ್ಪಡಿಸುವ ಆಕ್ಟಿವ್ ಕ್ರಾಸ್‌ಓವರ್ ಮತ್ತು ಎರಡು ಆಂಪ್ಲಿಫಯರ್ ಬೇಕು. ರಿಸೀವರಿನಲ್ಲಿ ಸೆಂಟರ್ ಪ್ರಿ-ಔಟ್ (ಹೊರಗಿನ ಆಂಪ್ಲಿಫಯರಿಗೆ ಸಿಗ್ನಲ್ ಕೊಡುವ ಸಾಕೆಟ್) ಇದೆಯಾ, ಮೊದಲೇ ನೋಡಿಕೊಳ್ಳಿ. ಪ್ಯಾನೆಲ್ ಹಿಂದಿನ ಗೋಡೆಯಿಂದ ಕನಿಷ್ಠ 60 ಸೆಂಟಿಮೀಟರ್ ಈಚೆಗಿರಲಿ.

ಮಳೆಗಾಲದಲ್ಲಿ ಸಣ್ಣಗೆ ಬುಸುಗುಟ್ಟಿದರೆ ತೇವ ಸೇರಿದೆ ಅಂತ ಲೆಕ್ಕ. ಬಿಚ್ಚಿ ನೋಡುವ ಮುಂಚೆ ಪ್ಲಗ್ ಕಿತ್ತು, ಬಯಾಸ್ ಸಪ್ಲೈನ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ.