ಹಳೆ ಪೆನ್ನಿಗೆ ಹೊಸ ನಿಬ್ಬು ಹಾಕುವ ಮೊದಲು

ಅಜ್ಜನ ಕಾಲದ ಪೆನ್ನು ಬರೆಯುವುದಿಲ್ಲ ಅಂತ ನಿಬ್ಬು ಹುಡುಕಿಕೊಂಡು ಮಂಗಳೂರಿನ ಹಂಪನಕಟ್ಟೆಗೆ ಓಡಬೇಡಿ ಮಾರಾಯ್ರೆ. ಹೆಚ್ಚಿನ ಸಲ ತಪ್ಪು ನಿಬ್ಬಿನದ್ದಲ್ಲ, ಒಳಗೆ ಒಣಗಿ ಕೂತ ಶಾಯಿಯದ್ದು. ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ, ನಿಬ್ಬು ಮುಳುಗುವಷ್ಟೇ ಇಳಿಸಿ ಕೆಲವು ಗಂಟೆ ಬಿಡಿ. ಕಡಲ ಬದಿಯ ಬಾವಿನೀರಿನಲ್ಲಿ ಉಪ್ಪಿನಂಶ ಇದ್ದರೆ ಅದು ಬೇಡ. ಇನ್ವರ್ಟರ್ ಬ್ಯಾಟರಿಗೆ ತಂದ ಡಿಸ್ಟಿಲ್ಡ್ ವಾಟರ್ ಮನೆಯಲ್ಲಿ ಉಂಟಲ್ವಾ, ಅದನ್ನೇ ಬಳಸಿ. ಎಬೊನೈಟ್, ಅಂದರೆ ಗಟ್ಟಿ ರಬ್ಬರಿನ ಪೆನ್ನಾದರೆ ಇಡೀ ಪೆನ್ನನ್ನು ನೆನೆಹಾಕಬೇಡಿ. ಅದರ ಕಪ್ಪು ಮೈ ಮಾಸಿ ಕಂದಾಗುತ್ತದೆ.

ತೊಳೆದ ಮೇಲೆ ನಿಬ್ಬನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಈ ಕೆಲಸಕ್ಕೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗಾಜು ಬೇಕೇ ಬೇಕು. ನಡುವಿನ ಸೀಳು ರಂಧ್ರದ ಹತ್ತಿರ ಸ್ವಲ್ಪ ಅಗಲ, ತುದಿಗೆ ಬರುವಾಗ ಕೂದಲೆಳೆಗಿಂತ ಸಣ್ಣ ಇರಬೇಕು. ತುದಿಯಲ್ಲಿ ಬೆಳಕು ಧಾರಾಳ ಕಂಡರೆ ಶಾಯಿ ಅಲ್ಲಿವರೆಗೆ ಬರುವುದೇ ಇಲ್ಲ. ಈಗ ಪೆನ್ನನ್ನು ಎದುರಿನಿಂದ ನೋಡಿ. ತುದಿಯ ಎರಡು ಸಣ್ಣ ಗುಂಡುಗಳು ಸಮ ಇವೆಯಾ? ಒಂದು ಮೇಲೆ, ಒಂದು ಕೆಳಗೆ ಇದ್ದರೆ ಕಾಗದ ಕೆರೆಯುತ್ತದೆ. ಮೇಲಿದ್ದುದನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಒತ್ತಿ, ಬಿಡಿ, ನೋಡಿ, ಮತ್ತೆ ಒತ್ತಿ. ಅವಸರ ಮಾಡಿದರೆ ಕೆಟ್ಟಿತು.

ಇಷ್ಟಾದರೂ ಸರಿಯಾಗದಿದ್ದರೆ, ಅಥವಾ ತುದಿಯ ಗುಂಡೇ ಉದುರಿದ್ದರೆ, ನಿಬ್ಬು ಬದಲಾಯಿಸಬಹುದು. ಆದರೆ ಎಲ್ಲ ಪೆನ್ನಿಗೂ ಒಂದೇ ದಾರಿಯಲ್ಲ. ಎಸ್ಟರ್‌ಬ್ರುಕ್ ಜೆ, ಪಾರ್ಕರ್ 45 ಇಂಥವುಗಳಲ್ಲಿ ನಿಬ್ಬು ಫೀಡ್ (ನಿಬ್ಬಿನ ಅಡಿಯಲ್ಲಿದ್ದು ಅದಕ್ಕೆ ಶಾಯಿ ತರುವ ಭಾಗ) ಸಮೇತ ತಿರುಪಿನಂತೆ ಬಿಚ್ಚಿ ಬರುತ್ತದೆ, ತೊಂದರೆಯಿಲ್ಲ. ಪಾರ್ಕರ್ 51ರ ನಿಬ್ಬು ಮುಚ್ಚಳದಂಥ ಭಾಗದ ಒಳಗೆ ಅಡಗಿರುತ್ತದೆ. ಅದನ್ನು ಎಳೆಯಲು ಹೋಗಬೇಡಿ, ತಿಳಿದವರಿಗೆ ಕೊಡಿ. ಡ್ರಾಪರಿನಿಂದ ಶಾಯಿ ತುಂಬಿಸುವ ನಮ್ಮ ಊರಿನ ಹಳೆ ಪೆನ್ನುಗಳಲ್ಲಿ ನಿಬ್ಬು ಮತ್ತು ಫೀಡ್ ಬರೀ ಬಿಗಿತದಿಂದ ನಿಂತಿರುತ್ತವೆ. ಸೈಕಲ್ ಟ್ಯೂಬಿನ ತುಂಡು ಸುತ್ತಿ, ಎರಡನ್ನೂ ಒಟ್ಟಿಗೆ ಹಿಡಿದು ನೇರ ಎಳೆಯಿರಿ. ಪಕ್ಕಡ್ ಹಾಕಿದಿರೋ, ಮುಗೀತು.

ಹೊಸ ನಿಬ್ಬು ಕೊಳ್ಳುವಾಗ ಹಳೆಯದನ್ನೂ ಫೀಡನ್ನೂ ಜೊತೆಗೆ ಒಯ್ಯಿರಿ. ಉದ್ದ ಒಂದೇ ಇದ್ದರೆ ಸಾಲದು, ಬೆನ್ನಿನ ಬಾಗು ಹೊಂದಬೇಕು. ಜೋಡಿಸಿದ ಮೇಲೆ ನಿಬ್ಬಿಗೂ ಫೀಡಿಗೂ ನಡುವೆ ಸಂದು ಕಂಡರೆ ಶಾಯಿ ತುಂಡು ತುಂಡಾಗಿ ಬರುತ್ತದೆ. ಫೀಡ್ ಎಬೊನೈಟಿನದ್ದಾದರೆ ಇದಕ್ಕೆ ಮದ್ದು ಉಂಟು. ಬಟ್ಟೆಗೆ ಜೋರಾಗಿ ತಿಕ್ಕಿ ಮೂಸಿ ನೋಡಿ, ಗಂಧಕದ ವಾಸನೆ ಬಂದರೆ ಎಬೊನೈಟೇ. ನಿಬ್ಬಿನ ಭಾಗವನ್ನು ಮಾತ್ರ ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಹೆಬ್ಬೆರಳಿನಲ್ಲಿ ನಿಬ್ಬನ್ನು ಫೀಡಿಗೆ ಒತ್ತಿ ಆರುವವರೆಗೆ ಹಿಡಿಯಿರಿ. ಫೀಡ್ ಮೆತ್ತಗಾಗಿ ನಿಬ್ಬಿನ ಬಾಗಿಗೆ ಕೂರುತ್ತದೆ. ಪ್ಲಾಸ್ಟಿಕ್ ಫೀಡಿಗೆ ಇದು ಮಾಡಬೇಡಿ, ಸೊಟ್ಟಗಾಗುತ್ತದೆ. ಸೆಲ್ಯುಲಾಯ್ಡ್, ಅಂದರೆ ಬೇಗ ಹೊತ್ತಿಕೊಳ್ಳುವ ಹಳೆ ಕಾಲದ ಪ್ಲಾಸ್ಟಿಕ್ಕಿನ ಪೆನ್ನನ್ನಂತೂ ಬೆಂಕಿಯ ಹತ್ತಿರವೇ ತರಬಾರದು.

ಹೊಸ ನಿಬ್ಬು ಬೇಡ, ಇದ್ದುದನ್ನೇ ಉಜ್ಜಿ ಅಗಲ ಅಕ್ಷರ ಬರುವಂತೆ ಮಾಡುತ್ತೇನೆ ಅನ್ನುವವರಿಗೆ ನನ್ನ ಮಾತು ಇಷ್ಟೇ: ಅಗ್ಗದ ಸ್ಟೀಲ್ ನಿಬ್ಬಿನಲ್ಲಿ ಕೈ ಪಳಗಿಸಿಕೊಳ್ಳಿ. ಉಜ್ಜಿ ಹೋದ ಗುಂಡು ತಿರುಗಿ ಬರುವುದಿಲ್ಲ. ಚಿನ್ನದ ನಿಬ್ಬು ಬಾಗಿದೆ ಅಂತ ರಥಬೀದಿಯ ಆಚಾರಿಯವರ ಹತ್ತಿರ ಕಾಯಿಸಲು ಕೊಡುವುದೂ ಬೇಡ. ಅವರ ಕೆಲಸ ಅಚ್ಚುಕಟ್ಟೇ, ಆದರೆ ಬೆಂಕಿ ಕಂಡ ಚಿನ್ನ ಮೆತ್ತಗಾಗಿ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ತೆಗೆದಿಟ್ಟ ಹಳೆ ನಿಬ್ಬನ್ನು ಎಸೆಯಬೇಡಿ. 14ಕೆ ಅಥವಾ 585 ಅಂತ ಕೆತ್ತಿದ್ದರೆ ಅದು ಚಿನ್ನದ್ದು. ಸ್ಟೀಲಿನದ್ದಾದರೆ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡಿ, ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಡ.