ಹಿಡಿದಿಟ್ಟ ಇಂಗಾಲದ ಸರಕನ್ನು ಗಿರಾಕಿಗೆ ಪರಿಚಯಿಸುವುದು ಹೇಗೆ?

ಕಾರ್ಖಾನೆಯ ಚಿಮಣಿಯಲ್ಲಿ ಹಿಡಿದಿಟ್ಟ ಇಂಗಾಲದ ಡೈಆಕ್ಸೈಡ್ ಬಳಸಿ ತಯಾರಿಸಿದ ಸರಕನ್ನು ಮಾರಲು ಹೊರಟವರು ಮೊದಲ ಮಾತಿನಲ್ಲಿಯೇ ಎಡವುವುದನ್ನು ಹುಬ್ಬಳ್ಳಿಯ ಪ್ರದರ್ಶನವೊಂದರಲ್ಲಿ ಕಂಡಿದ್ದೇನೆ. ‘ಇದು ಹೊಗೆಯಿಂದ ಮಾಡಿದ್ದು’ ಎಂದು ಮಾರಾಟಗಾರರು ಹೆಮ್ಮೆಯಿಂದ ಹೇಳಿದರು. ‘ಹೊಗಿ ಯಾಕ್ರೀ ಮನ್ಯಾಗ?’ ಎಂದ ಹೆಣ್ಣುಮಗಳೊಬ್ಬರು ಪೊಟ್ಟಣವನ್ನು ಅಲ್ಲಿಯೇ ಇಟ್ಟು ಹೋದರು.

ಮೊದಲು ಸರಕನ್ನು ಆರಿಸಿರಿ. ತಿನ್ನುವ, ಕುಡಿಯುವ ವಸ್ತುಗಳಿಂದ ಆರಂಭಿಸುವುದು ಬೇಡ. ಬಟ್ಟೆ ತೊಳೆಯುವ ಪುಡಿಯೇ ಸರಿ. ತಮಿಳುನಾಡಿನ ತೂತುಕುಡಿಯಲ್ಲಿ ಬಾಯ್ಲರ್ ಹೊಗೆಯಿಂದ ಈ ಅನಿಲವನ್ನು ಬೇರ್ಪಡಿಸಿ, ಇಂಥ ಪುಡಿಗೆ ಬಳಸುವ ಸೋಡಾ ಆ್ಯಶ್ ತಯಾರಿಸುವ ಕೆಲಸ 2016ರಲ್ಲಿಯೇ ಆರಂಭವಾಯಿತು.

ಎರಡನೆಯದು ಅಂಜಿಕೆ ಬಿಡಿಸುವ ಹಂತ. ಬಹುತೇಕರು ಸೋಲುವುದು ಇಲ್ಲಿಯೇ. ರಸಾಯನಶಾಸ್ತ್ರವನ್ನು ಬದಿಗಿಟ್ಟು ಬಾಣಲೆಯಿಂದ ಮಾತು ತೆಗೆಯಿರಿ. ಹುಬ್ಬಳ್ಳಿಯ ದುರ್ಗದ ಬೈಲಿನ ಮಿರ್ಚಿಯನ್ನು ಉಬ್ಬಿಸುವುದು ಅಡುಗೆ ಸೋಡಾದಿಂದ ಹೊರಡುವ ಇದೇ ಅನಿಲ. ಗಿರಾಕಿ ರೈತರಾಗಿದ್ದರೆ, ಅವರು ಹೊಲಕ್ಕೆ ಹಾಕುವ 45 ಕಿಲೋ ಯೂರಿಯಾ ಚೀಲದ ತಯಾರಿಕೆಯಲ್ಲಿ ಸುಮಾರು 33 ಕಿಲೋ ಇಂಗಾಲದ ಡೈಆಕ್ಸೈಡ್ ಸೇರಿರುತ್ತದೆ ಎಂದು ತಿಳಿಸಿರಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆಯಿಟ್ಟು ಮಲಗಿದವರ ಜೀವ ತೆಗೆಯುವುದು ಇಂಗಾಲದ ಮಾನಾಕ್ಸೈಡ್ ಎಂಬ ಬೇರೆಯೇ ಅನಿಲವೆಂಬುದನ್ನು, ಅವರು ಕೇಳದಿದ್ದರೂ ಹೇಳಿರಿ. ಈ ಅನಿಲ ಬಳಸಿ ಫೋಮ್ ಗಾದಿಯನ್ನೂ ಮಾಡುತ್ತಾರೆ. ಅದರ ಮಾತು ಬಂದಾಗ, ರಾತ್ರಿ ಅದರಿಂದ ಅನಿಲ ಹೊರಗೆ ಬಂದೀತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿರುವ ಇದೇ ಅನಿಲವನ್ನು ಹೀರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗೆ ಸೇರಿದ್ದು ಮರಳಿ ಅನಿಲವಾಗಿ ಮನೆಯೊಳಗೆ ಸುಳಿಯುವುದಿಲ್ಲ. ಗಾದಿಯ ಫೋಮ್‌ನಲ್ಲಿಯೂ ಅದು ಬೇರೊಂದು ವಸ್ತುವಿನ ಭಾಗವಾಗಿ ಬೆಸೆದುಕೊಂಡಿರುತ್ತದೆ.

ಮೂರನೆಯದು ಪ್ರಮಾಣ. ಜರ್ಮನಿಯ ಡಾರ್ಮಾಗೆನ್‌ನಲ್ಲಿ ತಯಾರಾಗುವ ಪಾಲಿಯೋಲ್ ಎಂಬ, ಫೋಮ್‌ಗೆ ಬಳಸುವ ಕಚ್ಚಾ ದ್ರವದಲ್ಲಿ ಈ ಅನಿಲದ ಪಾಲು ಶೇ 20ರವರೆಗೆ ಇರುತ್ತದೆ. ಅದನ್ನೇ ಗಾದಿಯ ಒಟ್ಟು ತೂಕದ ಲೆಕ್ಕವೆಂದು ಹೇಳಿ ಮಾರುವುದು ಮೋಸ. ವಾಹನದ ಮಸಿಯಿಂದ ಮಾಡಿದ ಶಾಯಿಯನ್ನೂ ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಮಸಿಯೇ ಬೇರೆ, ಈ ಅನಿಲವೇ ಬೇರೆ. ಪ್ರಮಾಣವನ್ನು ನಮೂದಿಸದೆ ಹಸಿರು ಎಲೆಯ ಚಿತ್ರವನ್ನಷ್ಟೇ ಹೊತ್ತ ಪೊಟ್ಟಣವನ್ನು ಅಂಗಡಿಯಲ್ಲಿಯೇ ಇಡಬೇಡಿ. ಪರಿಸರಸ್ನೇಹಿ ಎಂಬ ಹೇಳಿಕೆಗಳಿಗೆ ಆಧಾರ ಬೇಕೆಂದು ಕೇಂದ್ರದ 2024ರ ಮಾರ್ಗಸೂಚಿಯೂ ಹೇಳುತ್ತದೆ.

ಇಂಗಾಲ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನೂ ಮುಚ್ಚಿಡಬಾರದು. ಸೋಡಾ ಬಾಟಲಿಯ ಮುಚ್ಚಳ ತೆಗೆದೊಡನೆ ಅದು ಗಾಳಿಗೆ ಮರಳುತ್ತದೆ, ಗಾದಿಯಲ್ಲಾದರೆ ಅದನ್ನು ಸುಡುವವರೆಗೂ ಇರಬಲ್ಲದು.

ಕೊನೆಗೆ ಬೆಲೆ. ಸಾಮಾನ್ಯ ಪುಡಿಗಿಂತ ಹೆಚ್ಚಿದ್ದರೆ ಮೊದಲೇ ತಿಳಿಸಿ, ಕಾಲು ಕಿಲೋ ಪೊಟ್ಟಣವನ್ನಷ್ಟೇ ಕೊಟ್ಟು, ಬಟ್ಟೆಯ ಕೊಳೆ ಹೋಯಿತೇ ಎಂದು ಮುಂದಿನ ವಾರ ವಿಚಾರಿಸಿರಿ.