ಕತೆ ಓದಿಯಾಯ್ತು, ‘ನೀತಿ ಏನು?’ ಅಂತ ಕೇಳಬೇಡಿ

ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಕತೆ ಓದಿಸಿ ‘ಏನು ತಿಳೀತು?’ ಅಂತ ಕೇಳಿ ನೋಡಿ. ‘ಸುಳ್ಳು ಹೇಳಬಾರದು’, ‘ದುರಾಸೆ ಪಡಬಾರದು’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಕತೆ ಅಂದಮೇಲೆ ಕೊನೆಯಲ್ಲಿ ಒಂದು ನೀತಿ ಇರಲೇಬೇಕು ಅಂತ ಒಂದನೇ ಕ್ಲಾಸಿನಿಂದ ಅವರಿಗೆ ರೂಢಿ ಮಾಡಿಸಿದವರು ದೊಡ್ಡವರೇ. ನೀತಿ ಸಿಕ್ಕಿತು ಅಂದರೆ ಪುಸ್ತಕ ಮುಚ್ಚಿದ ಹಾಗೇ. ನೀತಿಯ ಬದಲು ‘ಅದು ಕತೆಯಲ್ಲಿ ಎಲ್ಲಿದೆ, ಸಾಲು ತೋರಿಸು’ ಅಂತ ಕೇಳಿದರೆ ಮಗು ಮತ್ತೆ ಪುಟ ತಿರುವುತ್ತದೆ. ಕತೆಯ ವಿಶ್ಲೇಷಣೆ ಶುರುವಾಗುವುದು ಅಲ್ಲಿಂದ.

ಮಾಸ್ತಿಯವರ ‘ರಂಗನ ಮದುವೆ’ಯನ್ನೇ ಇಟ್ಟುಕೊಂಡು ನೋಡೋಣ. ಬೆಂಗಳೂರಿನಲ್ಲಿ ಓದಿದ ರಂಗ ಊರಿಗೆ ಬರುತ್ತಾನೆ. ಸದ್ಯಕ್ಕೆ ಮದುವೆ ಬೇಡ ಅನ್ನುತ್ತಾನೆ. ಅದೇ ಊರಿನ ಶ್ಯಾಮ ಉಪಾಯ ಹೂಡಿ ರತ್ನ ಅನ್ನುವ ಹುಡುಗಿಯ ಜೊತೆ ಮದುವೆ ಆಗುವ ಹಾಗೆ ಮಾಡುತ್ತಾನೆ. ಕತೆ ಹೇಳುವವನೂ ಶ್ಯಾಮನೇ.

ಮೊದಲು ಸುಮ್ನೆ ಓದಿ

ಕಷ್ಟದ ನಾಲ್ಕೈದು ಪದಗಳ ಅರ್ಥವನ್ನು ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ. ಆಮೇಲೆ ಕತೆಯನ್ನು ಗಟ್ಟಿಯಾಗಿ, ತಡೆಯದೆ ಓದಿ. ನಡುವೆ ಪ್ರಶ್ನೆ ಬೇಡ. ನಗು ಬಂದ ಕಡೆ ಮಕ್ಕಳು ನಗಲಿ.

‘ಆಮೇಲೆ’ ಬಿಟ್ಟು ‘ಅದಕ್ಕೇ’

ಕತೆಯನ್ನು ಐದಾರು ವಾಕ್ಯದಲ್ಲಿ ಹೇಳಿಸಿ. ‘ಆಮೇಲೆ ಹೀಗಾಯ್ತು, ಆಮೇಲೆ ಹಾಗಾಯ್ತು’ ಅಂತಲೇ ಹೇಳುತ್ತಾರೆ. ಎರಡನೇ ಸಲ ‘ಆಮೇಲೆ’ ಪದ ಬಳಸುವಂತಿಲ್ಲ ಅನ್ನಿ. ‘ರಂಗ ಮದುವೆ ಬೇಡ ಅಂದ, ಅದಕ್ಕೇ ಶ್ಯಾಮ ಉಪಾಯ ಮಾಡಿದ’ ಅನ್ನುವ ವಾಕ್ಯ ಆಗ ಹುಟ್ಟುತ್ತದೆ. ಇಷ್ಟಾದರೆ ಒಂದು ಪೀರಿಯಡ್ ಮುಗಿಯಿತು.

ಒಂದೇ ಸನ್ನಿವೇಶ, ಪೂರ್ತಿ ಪೀರಿಯಡ್

ಇಡೀ ಕತೆಯನ್ನು ಒಟ್ಟಿಗೆ ಬಿಡಿಸಲು ಹೋಗಬೇಡಿ. ರತ್ನ ಹಾಡುವ ಭಾಗವನ್ನು ಮಾತ್ರ ತೆಗೆದುಕೊಳ್ಳಿ. ರಂಗ ಬಾಗಿಲ ತನಕ ಬಂದು ನಿಲ್ಲುತ್ತಾನೆ. ಒಳಗೆ ಹೋದರೆ ಹಾಡು ನಿಂತೀತು ಅನ್ನುವ ಅಳುಕು. ಹಾಡುತ್ತಿರುವವರನ್ನು ನೋಡುವ ಆಸೆಯೂ ಇದೆ. ಮೆಲ್ಲಗೆ ಇಣುಕುತ್ತಾನೆ. ಅವನು ಬಾಗಿಲಲ್ಲಿ ನಿಂತದ್ದು ಕೋಣೆಯೊಳಗಿನ ಬೆಳಕಿಗೆ ಅಡ್ಡವಾಗುತ್ತದೆ. ರತ್ನ ತಲೆ ಎತ್ತಿ ನೋಡಿ ತಟ್ಟನೆ ಹಾಡು ನಿಲ್ಲಿಸುತ್ತಾಳೆ.

ಈಗ ಕೇಳಿ: ‘ರಂಗನಿಗೆ ಅವಳು ಇಷ್ಟವಾದಳು ಅಂತ ನಿಮಗೆ ಹೇಗೆ ಗೊತ್ತಾಯ್ತು?’ ಒಬ್ಬರು ಅವನು ಹೊಸಿಲಲ್ಲೇ ನಿಂತದ್ದನ್ನು ತೋರಿಸುತ್ತಾರೆ. ಇನ್ನೊಬ್ಬರು ಮುಂದಿನ ಪುಟಕ್ಕೆ ಹೋಗುತ್ತಾರೆ. ರತ್ನಳಿಗೆ ಆಗಲೇ ಮದುವೆಯಾಗಿದೆ ಅಂತ ಶ್ಯಾಮ ಸುಳ್ಳು ಹೇಳಿದಾಗ ರಂಗನ ಮುಖ ಸುಟ್ಟ ಬದನೆಕಾಯಿ ಹಾಗಾಗುತ್ತದೆ. ಎರಡೂ ಸರಿ. ಸಾಲು ತೋರಿಸಿದ ಯಾವ ಉತ್ತರವನ್ನೂ ತಳ್ಳಿಹಾಕಬೇಡಿ. ಸಾಲು ತೋರಿಸದಿದ್ದರೆ, ಉತ್ತರ ಎಷ್ಟೇ ಚೆನ್ನಾಗಿದ್ದರೂ ‘ಹುಡುಕು’ ಅನ್ನಿ. ಗೈಡ್ ನೋಡಿ ಉರು ಹೊಡೆದ ವಾಕ್ಯಗಳು ಇಲ್ಲಿ ಉಳಿಯುವುದಿಲ್ಲ.

ಕತೆ ಹೇಳುತ್ತಿರುವವರು ಯಾರು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಶ್ಯಾಮ ಏನೇನು ಹೇಳಬೇಕು ಅಂತ ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಪಾಠ ಮಾಡಿರುತ್ತಾನೆ. ಆಮೇಲೆ ಏನೂ ಗೊತ್ತಿಲ್ಲದವನ ಹಾಗೆ ರಂಗನನ್ನು ಅವರ ಬಳಿ ಕರೆದೊಯ್ಯುತ್ತಾನೆ. ರಂಗನ ಮನಸ್ಸಿನಲ್ಲಿರುವ ಹುಡುಗಿಯ ಹೆಸರು ಸಮುದ್ರದಲ್ಲಿ ಸಿಗುವ ವಸ್ತುವಿನದ್ದು ಅಂತ ಶಾಸ್ತ್ರಿಗಳು ಲೆಕ್ಕ ಹಾಕಿ ಹೇಳಿದಾಗ ರಂಗ ನಂಬುತ್ತಾನೆ. ಬೋರ್ಡಿನ ಮೇಲೆ ಎರಡು ಕಾಲಂ ಎಳೆಯಿರಿ: ‘ರಂಗನಿಗೆ ಗೊತ್ತಿರುವುದು’, ‘ನಮಗೆ ಗೊತ್ತಿರುವುದು’. ಮಕ್ಕಳೇ ತುಂಬಲಿ. ನಮಗೆ ಜಾಸ್ತಿ ಗೊತ್ತಿರುವುದರಿಂದಲೇ ನಗು ಬರುತ್ತಿದೆ ಅನ್ನುವುದು ಅವರಿಗೇ ಹೊಳೆಯುತ್ತದೆ. ‘ಇದೇ ಕತೆ ರಂಗ ಹೇಳಿದ್ದರೆ ನಗು ಬರುತ್ತಿತ್ತಾ?’ ಅಂತ ಕೇಳಿ, ಸ್ವಲ್ಪ ಹೊತ್ತು ಮಾತಾಡದೆ ಕಾಯಿರಿ. ಹಿಂದಿನ ಬೆಂಚಿನಿಂದಲೂ ಕೈ ಏಳುತ್ತದೆ.

ಯಾರ ಮಾತು ಕೇಳಿಸುತ್ತಿಲ್ಲ?

ರತ್ನಳ ವಯಸ್ಸು ಕತೆಯಲ್ಲಿ ಹನ್ನೊಂದು. ನಿಮ್ಮ ಕ್ಲಾಸಿನ ಹುಡುಗಿಯರ ವಯಸ್ಸಿನವಳು, ಇಲ್ಲವೇ ಅವರಿಗಿಂತ ಚಿಕ್ಕವಳು! ಯಾರಾದರೂ ಇದನ್ನು ಎತ್ತಿಯೇ ಎತ್ತುತ್ತಾರೆ. ದಯವಿಟ್ಟು ‘ಅದು ಆ ಕಾಲ’ ಅಂತ ಮುಂದೆ ಹೋಗಬೇಡಿ. ಬಾಲ್ಯವಿವಾಹ ತಡೆಯಲು ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಕತೆ ಅದಕ್ಕೂ ಹಿಂದಿನದು. ಈಗಿನ ಕಾನೂನಿನ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಇಷ್ಟು ತಿಳಿಸಿ ಮತ್ತೆ ಪುಟಕ್ಕೇ ಕರೆತನ್ನಿ. ಮದುವೆಯ ಬಗ್ಗೆ ರಂಗನ ಅಭಿಪ್ರಾಯ ಇದೆ, ಶ್ಯಾಮನದ್ದಿದೆ. ರತ್ನಳ ಮನಸ್ಸಿನಲ್ಲಿ ಏನಿದೆ ಅಂತ ಯಾರಾದರೂ ಕೇಳಿದರಾ? ಹುಡುಕಲಿ. ಕತೆಯನ್ನು ಮೆಚ್ಚಿಕೊಂಡೇ ಅದನ್ನು ಪ್ರಶ್ನಿಸಬಹುದು ಅನ್ನುವುದು ಈ ವಯಸ್ಸಿನಲ್ಲೇ ಗೊತ್ತಾಗಬೇಕು, ಅಲ್ವಾ?

ಕೊನೆಗೆ ಬರವಣಿಗೆ

‘ರಂಗನ ಗುಣಸ್ವಭಾವ ವಿವರಿಸಿ’ ಅಂತ ಕೊಡಬೇಡಿ. ಹಾಡು ನಿಂತ ಆ ಗಳಿಗೆಯನ್ನು ರತ್ನಳೇ ಹೇಳುವ ಹಾಗೆ ಅರ್ಧ ಪುಟ ಬರೆಯಲಿ. ಷರತ್ತು ಒಂದೇ: ಮೂಲ ಕತೆಯಲ್ಲಿರುವ ಯಾವ ವಿವರವೂ ಬದಲಾಗಬಾರದು. ಹಾಗೆ ಬರೆಯಬೇಕಾದರೆ ಆ ಭಾಗವನ್ನು ಮತ್ತೆ ಓದಲೇಬೇಕು. ತಿದ್ದುವಾಗ ಕಾಗುಣಿತದ ತಪ್ಪಿಗೆ ಗೆರೆ ಎಳೆಯಿರಿ, ಆದರೆ ಅಂಕ ಕಳೆಯಬೇಡಿ. ಕತೆಯ ಎಷ್ಟು ವಿವರಗಳನ್ನು ಮಗು ಗಮನಿಸಿ ಬಳಸಿಕೊಂಡಿದೆ ಅಂತ ನೋಡಿ ಅಂಕ ಕೊಡಿ. ಚೆನ್ನಾಗಿ ಬಂದ ಎರಡು ಮೂರನ್ನು ಮಾರನೇ ದಿನ ಬರೆದವರಿಂದಲೇ ಓದಿಸಿ.